ಚಿತ್ರ ಮೊದಲು, ಕಥೆ ಆಮೇಲೆ

ತೋರ್ವಾಲ್ಡ್‌ಸನ್ ಮ್ಯೂಸಿಯಮ್ಮಿಗೆ ಬಂದವರು ಹೆಚ್ಚಾಗಿ ಕೆಳ ಅಂತಸ್ತಿನಲ್ಲೇ ಸುಸ್ತಾಗುತ್ತಾರೆ. ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ಸ್‌ಬೋರ್ ಅರಮನೆಯ ಮಗ್ಗುಲಲ್ಲಿರುವ ಹಳದಿ ಕಟ್ಟಡ ಇದು. ಶಿಲ್ಪಿ ತೋರ್ವಾಲ್ಡ್‌ಸನ್ 1838ರಲ್ಲಿ ರೋಮಿನಿಂದ ಊರಿಗೆ ಮರಳಿದಾಗ ಜನ ಮುಗಿಬಿದ್ದು ಎದುರುಗೊಂಡ ದೃಶ್ಯವನ್ನು ಹೊರಗೋಡೆಯ ಮೇಲೆ ಚಿತ್ರಿಸಿದ್ದಾರೆ. ಒಳಗೆ ಕೋಣೆಗೊಂದು ಬಣ್ಣದ ಗೋಡೆ, ಗೋಡೆಯ ಮುಂದೆ ಬಿಳಿ ಪ್ರತಿಮೆ. ನಡು ಅಂಗಳದಲ್ಲಿ ಶಿಲ್ಪಿಯದೇ ಸಮಾಧಿ. ಇಷ್ಟು ನೋಡಿ ಮುಗಿಸುವಷ್ಟರಲ್ಲಿ ಮಕ್ಕಳಿಗೆ ಹಸಿವು, ದೊಡ್ಡವರಿಗೆ ಕಾಲುನೋವು. ಮಹಡಿ ಹತ್ತುವವರು ಕಡಿಮೆ.

"ಮೇಲೇನಿದೆ ಅಂತ ಹೊರಟ್ರಿ ದೊಡ್ಡಪ್ಪ?" ತಮ್ಮನ ಮಗಳು ಕೇಳಿದಳು. ಆರು ವರ್ಷದಿಂದ ಇದೇ ಊರಿನಲ್ಲಿ ಕೆಲಸ ಮಾಡುತ್ತಿರುವವಳು. ಬಂದ ನೆಂಟರನ್ನೆಲ್ಲ ಸಮುದ್ರದ ದಂಡೆಯ ಮತ್ಸ್ಯಕನ್ಯೆಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿ ಅವಳಿಗೆ ಅಭ್ಯಾಸ. ಅವಳ ಏಳು ವರ್ಷದ ಮಗಳು ಪುಟ್ಟಿ ಆಗಲೇ ಮೆಟ್ಟಿಲು ಹತ್ತುತ್ತಿತ್ತು.

ಮೇಲಿರುವುದು ತೋರ್ವಾಲ್ಡ್‌ಸನ್ ತನಗಾಗಿ ಕೊಂಡುಕೊಂಡ ವರ್ಣಚಿತ್ರಗಳು. ನಾನು ಹುಡುಕುತ್ತಿದ್ದದ್ದು ಅವುಗಳಲ್ಲೊಂದನ್ನು. ಅಗಲ ಒಂದು ಮೀಟರಿಗೂ ಕಡಿಮೆ. ಸಮುದ್ರದ ಹತ್ತಿರ ಒಂದು ಹುಲ್ಲು ದಿಬ್ಬ. ದಿಬ್ಬದ ಮೇಲೆ ಆದಿಕಾಲದವರು ಬಂಡೆಗಳನ್ನು ನಿಲ್ಲಿಸಿ ಮೇಲೊಂದು ಭಾರಿ ಕಲ್ಲು ಹೊದಿಸಿದ ಗೋರಿ. ಅದರ ಮೇಲೆ ಆಕಾಶ, ಬೇಕಾದಷ್ಟು ಆಕಾಶ. ಕಾಲುಂಡ್‌ಬೋರ್ ಎಂಬ ಊರಿನ ಆಚೆ ರೆಫ್ಸ್‌ನೆಸ್ ಭೂಶಿರದ ಮೇಲಿನ ನೋಟ ಅದು. 1839ರಲ್ಲಿ ಇದನ್ನು ಬರೆದಾಗ ಯೋಹಾನ್ ತೋಮಸ್ ಲುಂಡ್‌ಬ್ಯುಗೆ ಇಪ್ಪತ್ತೊಂದರ ಆಸುಪಾಸು. ಯುರೋಪೇ ತಲೆಬಾಗುತ್ತಿದ್ದ ಶಿಲ್ಪಿ, ಗ್ರೀಕ್ ದೇವರುಗಳಲ್ಲೇ ಆಯುಷ್ಯ ಕಳೆದವನು, ಹುಡುಗನೊಬ್ಬ ಬರೆದ ಕಲ್ಲುಗುಡ್ಡೆಯನ್ನು ಹಣ ಕೊಟ್ಟು ಕೊಂಡ. ಇಲ್ಲಿ ಬಂದು ನೋಡಿದರೆ ಯಾಕೆಂದು ತಿಳಿಯುತ್ತದೆ. ಆ ಕಲ್ಲುಗಳಿಗೆ ಯಾವ ನಾಟಕವೂ ಇಲ್ಲ. ಬಿಸಿಲಿನಲ್ಲಿ ಕಾದು, ಗಾಳಿಗೆ ಆರಿ, ಪಾಚಿ ಹಿಡಿದು ಸುಮ್ಮನೆ ಕೂತಿವೆ.

"ಇದು ಯಾರ ಮನೆ ಅಜ್ಜ?" ಎಂದಿತು ಪುಟ್ಟಿ. ಸತ್ತವರ ಮನೆ ಎನ್ನಲು ಬಾಯಿ ಬರಲಿಲ್ಲ.

ಲುಂಡ್‌ಬ್ಯುನ ಹೆಸರು ನನಗೆ ಸಿಕ್ಕಿದ್ದು ಕಲೆಯ ಪುಸ್ತಕದಿಂದ ಅಲ್ಲ, ಬೆಂಕಿಕಡ್ಡಿ ಮಾರುವ ಹುಡುಗಿಯಿಂದ. ಆ ಕಥೆ ಗೊತ್ತಿಲ್ಲದವರು ಕನ್ನಡದಲ್ಲೂ ಅಪರೂಪ. ವರ್ಷದ ಕೊನೆಯ ರಾತ್ರಿ, ಹಿಮ, ಬರಿಗಾಲ ಹುಡುಗಿ, ಒಂದೊಂದೇ ಕಡ್ಡಿ ಗೀರುತ್ತ ಒಂದೊಂದು ಕನಸು, ಬೆಳಗ್ಗೆ ಗೋಡೆಯ ಮೂಲೆಯಲ್ಲಿ ಹೆಣ. ಹಾನ್ಸ್ ಕ್ರಿಶ್ಚಿಯನ್ ಆಂಡರ್‌ಸನ್ ಬರೆದದ್ದು ಎಂದೂ ಎಲ್ಲರಿಗೂ ಗೊತ್ತು. ಆದರೆ ಅದು ಹುಟ್ಟಿದ ಬಗೆ ಬೇರೆ. 1845ರ ನವೆಂಬರಿನಲ್ಲಿ ಆಂಡರ್‌ಸನ್ ದೇಶದ ದಕ್ಷಿಣದ ಗ್ರೋಸ್ಟೆನ್ ಅರಮನೆಯಲ್ಲಿ ಅತಿಥಿಯಾಗಿದ್ದ. ಫ್ಲಿಂಚ್ ಎಂಬ ಪಂಚಾಂಗದ ಪ್ರಕಾಶಕನಿಂದ ಅಲ್ಲಿಗೊಂದು ಕಾಗದ ಬಂತು. ಜೊತೆಗೆ ಮೂರು ಚಿತ್ರಗಳು. ಯಾವುದಾದರೂ ಒಂದಕ್ಕೆ ಕಥೆ ಬರೆದುಕೊಡಬೇಕು ಎಂಬ ಕೋರಿಕೆ. ಆಂಡರ್‌ಸನ್ ಆರಿಸಿಕೊಂಡದ್ದು ಕಡ್ಡಿಯ ಕಟ್ಟು ಹಿಡಿದ ಬಡ ಹುಡುಗಿಯ ಚಿತ್ರವನ್ನು. 1843ರ ಪಂಚಾಂಗದಲ್ಲಿ ಒಮ್ಮೆ ಮರದಚ್ಚಿನಲ್ಲಿ ಅಚ್ಚಾಗಿ, ಕೆಲಸ ಮುಗಿಸಿ ಮೂಲೆ ಸೇರಿದ್ದ ಚಿತ್ರ. ಬರೆದವನು ಲುಂಡ್‌ಬ್ಯು.

ಅಂದರೆ ಆ ಹುಡುಗಿ ಕಥೆಯಿಂದ ಚಿತ್ರಕ್ಕೆ ಬಂದವಳಲ್ಲ. ಕೈಯಲ್ಲಿ ಕಡ್ಡಿ ಹಿಡಿದು ಎರಡು ವರ್ಷ ಚಿತ್ರದಲ್ಲಿ ಕಾದು ನಿಂತಿದ್ದಳು. ಆಂಡರ್‌ಸನ್ ಅವಳ ಕಡ್ಡಿಯನ್ನು ಗೀರಿದ. ಅವನ ತಾಯಿಯೂ ಚಿಕ್ಕಂದಿನಲ್ಲಿ ಭಿಕ್ಷೆಗೆ ಹೋಗಬೇಕಾಗಿ ಬಂದವಳು, ಹಾಗಾಗಿ ಅವನ ಕೈ ಅದೇ ಚಿತ್ರದ ಮೇಲೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಕಥೆ ಲೋಕವನ್ನೆಲ್ಲ ಸುತ್ತಿತು. ಆಮೇಲೆ ನೂರಾರು ಕಲಾವಿದರು ಆ ಹುಡುಗಿಯನ್ನು ಬರೆದರು. ಮೊದಲು ಬರೆದವನ ಹೆಸರು ಡೆನ್ಮಾರ್ಕಿನ ಆಚೆ ಯಾರ ನಾಲಿಗೆಯ ಮೇಲೂ ನಿಲ್ಲಲಿಲ್ಲ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವರ ಪಾಡು ಎಲ್ಲ ಊರಲ್ಲೂ ಇಷ್ಟೇ: ಕಥೆಗಾರನ ಹೆಸರು ಮುಖಪುಟದಲ್ಲಿ, ಇವರದ್ದು ಒಳಪುಟದ ಮೂಲೆಯಲ್ಲಿ, ಎರಡನೇ ಮುದ್ರಣದಲ್ಲಿ ಅದೂ ಇಲ್ಲ.

ಮಾರನೆಯ ದಿನ ಸೋಲ್ವ್‌ಗೇಡ್ ರಸ್ತೆಯ ರಾಷ್ಟ್ರೀಯ ಕಲಾ ಮ್ಯೂಸಿಯಮ್ಮಿನಲ್ಲಿ ಅವನ ದೊಡ್ಡ ಚಿತ್ರದ ಮುಂದೆ ನಿಂತೆವು. 'ಡೆನ್ಮಾರ್ಕಿನ ಒಂದು ಕಡಲತೀರ' ಎಂದು ಹೆಸರು, 1843ರದ್ದು, ಎರಡೂವರೆ ಮೀಟರ್ ಅಗಲ. ರೋಸ್ಕಿಲ್ದ ಫ್ಯೋರ್ಡಿನ ದಂಡೆಯ ಕಿಟ್‌ನೆಸ್ ಎಂಬಲ್ಲಿನ ಮಣ್ಣಿನ ದರೆ. ಫ್ಯೋರ್ಡ್ ಎಂದರೆ ಒಳನಾಡಿಗೆ ನುಗ್ಗಿದ ಸಮುದ್ರದ ತೋಳು. ಚಿತ್ರದಲ್ಲಿ ಆ ದರೆ ಕೋಟೆಯ ಗೋಡೆಯ ಹಾಗೆ ಎದ್ದಿದೆ. ನಿಜದಲ್ಲಿ ಅಷ್ಟೆತ್ತರ ಇಲ್ಲ. ಇಡೀ ಡೆನ್ಮಾರ್ಕಿನ ಅತಿ ಎತ್ತರದ ನೆಲವೇ ಸಮುದ್ರಮಟ್ಟದಿಂದ 171 ಮೀಟರ್ ಮುಟ್ಟುವುದಿಲ್ಲ. ಅದನ್ನು ಬೆಟ್ಟ ಎಂದು ಕರೆದರೆ ನಮ್ಮ ಕಡೆ ನಕ್ಕಾರು. ಪ್ರಾಮಾಣಿಕತೆಗೆ ಹೆಸರಾದ ಈ ಕಲಾವಿದ ಇಲ್ಲಿ ತುಸು ಉಬ್ಬಿಸಿದ್ದಾನೆ ಎಂದು ನನಗನ್ನಿಸುತ್ತದೆ. ಆಗ ಗಾಳಿಯೂ ಹಾಗಿತ್ತು. ಕಲಾ ಇತಿಹಾಸಕಾರ ಹೋಯೆನ್ ತರುಣ ಚಿತ್ರಕಾರರ ಬೆನ್ನು ಹತ್ತಿದ್ದ: ಇಟಲಿ ಇಟಲಿ ಎಂದು ಓಡಬೇಡಿ, ನಿಮ್ಮ ನೆಲ, ನಿಮ್ಮ ಜನ, ನಿಮ್ಮ ಹಳೆಯ ಕಲ್ಲುಗಳನ್ನು ನೋಡಿ ಎಂದು. ಪ್ರೀತಿಯ ಡೆನ್ಮಾರ್ಕನ್ನು ಸರಳವಾಗಿ ಬರೆಯುವುದೇ ತನ್ನ ಬದುಕಿನ ಕೆಲಸ ಎಂದು ಲುಂಡ್‌ಬ್ಯು ದಿನಚರಿಯಲ್ಲಿ ಗುರುತು ಹಾಕಿಕೊಂಡದ್ದೂ ಆ ದಿನಗಳಲ್ಲೇ. ನನಗೆ ಮಾತ್ರ ದೊಡ್ಡ ಚಿತ್ರಕ್ಕಿಂತ ಹಿಂದಿನ ದಿನದ ಚಿಕ್ಕ ಕಲ್ಲುಗುಡ್ಡೆಯೇ ಹೆಚ್ಚು. ದೇಶಪ್ರೇಮ ದನಿ ಎತ್ತಿದ ಕಡೆ ಚಿತ್ರ ಸ್ವಲ್ಪ ಬಿಗಿಯುತ್ತದೆ.

ನೆಲ ನೋಡಬೇಕಿತ್ತು. ಭಾನುವಾರ ಬೆಳಗ್ಗೆ ಹಿಲರೋಡ್‌ವರೆಗೆ ನಗರದ ರೈಲು, ಅಲ್ಲಿಂದ ಎರಡು ಡಬ್ಬಿಯ ಸಣ್ಣ ರೈಲು ಹಿಡಿದು ಫ್ರೆಡರಿಕ್ಸ್‌ವೆರ್ಕ್ ಕಡೆ ಹೊರಟೆವು. ಜೂನ್ ತಿಂಗಳು. ರಾತ್ರಿ ಹತ್ತಕ್ಕೂ ಬೆಳಕು ಇರುವ ಕಾಲ. ಆಂಡರ್‌ಸನ್ನನ ಹಿಮದ ರಾತ್ರಿ ಈ ದೇಶದ್ದೇ ಎಂದು ನಂಬುವುದು ಕಷ್ಟ. ಹೆಸರು ಉಚ್ಚರಿಸಲು ಪುಟ್ಟಿ ನನಗೆ ಪಾಠ ಹೇಳಿತು. ಡೇನರು ಬರೆದದ್ದರಲ್ಲಿ ಅರ್ಧ ನುಂಗುತ್ತಾರೆ; 'ಲುಂಡ್‌ಬ್ಯು'ವಿನ 'ಡ' ಇರುವುದು ಕಾಗದದ ಮೇಲೆ ಮಾತ್ರ.

ರೈಲಿನಲ್ಲಿ ಅವನ ಜೀವನದ ಪುಟಗಳನ್ನು ಇನ್ನೊಮ್ಮೆ ತಿರುವಿದೆ. 1818ರ ಸೆಪ್ಟೆಂಬರ್ 1ರಂದು ಕಾಲುಂಡ್‌ಬೋರಿನಲ್ಲಿ ಹುಟ್ಟಿದ್ದು. ಹದಿನಾಲ್ಕಕ್ಕೇ ಕೋಪನ್‌ಹೇಗನ್ನಿನ ಕಲಾ ಅಕಾಡೆಮಿ. ಅಪ್ಪ ಸೈನ್ಯದ ಅಧಿಕಾರಿ, ಫ್ರೆಡರಿಕ್ಸ್‌ವೆರ್ಕಿನಲ್ಲಿ ರಾಕೆಟ್ ಪಡೆಯ ಮುಖ್ಯಸ್ಥ.

ರಾಕೆಟ್ ಪಡೆ! ಆ ಎರಡು ಪದ ಕಂಡಾಗ ಬೆನ್ನು ನೆಟ್ಟಗಾಯಿತು. 1807ರ ಸೆಪ್ಟೆಂಬರಿನಲ್ಲಿ ಇಂಗ್ಲಿಷರು ಕೋಪನ್‌ಹೇಗನ್ ಮೇಲೆ ಬೆಂಕಿ ಸುರಿಸಿದಾಗ ಗುಂಡುಗಳ ಜೊತೆ ಕಾಂಗ್ರೀವ್ ರಾಕೆಟ್ಟುಗಳೂ ಬಿದ್ದವು. ಸಿಡಿಯದೆ ಉಳಿದದ್ದನ್ನು ಬಿಚ್ಚಿ ನೋಡಿದ ಶೂಮಾಕರ್ ಎಂಬ ಡೇನಿಷ್ ಅಧಿಕಾರಿ ಅದರ ಗುಟ್ಟು ಹಿಡಿದು ತಮ್ಮದೇ ಪಡೆ ಕಟ್ಟಿದ. ಆದರೆ ಆ ರಾಕೆಟ್ಟಿಗೆ ಹೆಸರು ಕೊಟ್ಟ ಕಾಂಗ್ರೀವ್‌ಗೆ ಆ ವಿದ್ಯೆ ಬಂದದ್ದು ಎಲ್ಲಿಂದ? 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಸಾಗಿಸಿದ ಮೈಸೂರಿನ ಬಾಣಗಳಿಂದ. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿಗೆ ಕಟ್ಟಿದ, ಹೈದರ್ ಮತ್ತು ಟಿಪ್ಪು ಸೈನ್ಯದ ಬಾಣಗಳು. ಬೆಂಗಳೂರಿನ ತಾರಾಮಂಡಲಪೇಟೆಗೆ ಹೆಸರು ಕೊಟ್ಟ ಬಾಣಗಳು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಪಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಸಿಕ್ಕವಲ್ಲ, ಅವೇ. ಕಾವೇರಿ ದಂಡೆಯ ಕಿಡಿಯೊಂದು ಲಂಡನ್ ಹಾದು, ಕೋಪನ್‌ಹೇಗನ್ನನ್ನು ಸುಟ್ಟು, ಕೊನೆಗೆ ಒಬ್ಬ ಚಿತ್ರಕಾರನ ಅಪ್ಪನಿಗೆ ನೌಕರಿ ಕೊಟ್ಟಿತು. ತಮ್ಮನ ಮಗಳಿಗೆ ಹೇಳಿದೆ. "ಸುಮ್ನೆ ಹೇಳ್ತೀರಿ ದೊಡ್ಡಪ್ಪ" ಎಂದು ಅವಳು ಫೋನು ತೆಗೆದು ಹುಡುಕಿ, ಆಮೇಲೆ ಮಾತಾಡಲಿಲ್ಲ.

ಫ್ರೆಡರಿಕ್ಸ್‌ವೆರ್ಕ್ ಚೆಂದದ ಊರಲ್ಲ, ಕೆಲಸದ ಊರು. ಮರಳು ನುಗ್ಗಿ ಆರೆಸೋ ಕೆರೆಯ ಹಳೆಯ ಬಾಯಿ ಮುಚ್ಚಿಹೋಗಿತ್ತು. ನೀರು ಹೊರಹೋಗಲೆಂದು 1717ರಿಂದ 1719ರವರೆಗೆ ಇಲ್ಲಿ ಫ್ಯೋರ್ಡಿಗೆ ಕಾಲುವೆ ತೋಡಿದರು. ನೀರಿಗೆ ಇಳಿಜಾರು ಸಿಕ್ಕಿದ್ದೇ ತಡ, ಗಿರಣಿ ಚಕ್ರಗಳು ಬಂದವು. ಫಿರಂಗಿ ಎರಕದ ಮನೆ ಬಂತು, ಮದ್ದಿನ ಕಾರ್ಖಾನೆ ಬಂತು. ಎರಕದ ಮನೆ ಈಗ ಸಂಗೀತ, ಚಿತ್ರಪ್ರದರ್ಶನ ನಡೆಯುವ ಸಭಾಂಗಣ. ಮದ್ದಿನ ಕಾರ್ಖಾನೆ 1965ರವರೆಗೂ ನಡೆದು ಈಗ ಮ್ಯೂಸಿಯಂ. ಕಾಲುವೆಯ ಗುಂಟ ಮೇಲಕ್ಕೆ ನಡೆದರೆ ಮರಗಳ ನಡುವೆ ಅದರ ಕಟ್ಟಡಗಳು ಒಂದಕ್ಕೊಂದು ಸೇರದೆ ನಿಂತಿವೆ. ಯಾಕೆ ಇಷ್ಟು ದೂರ ದೂರ ಎಂದು ಪುಟ್ಟಿ ಕೇಳಿತು. ಒಂದು ಹಾರಿದರೆ ಇನ್ನೊಂದು ಉಳಿಯಲಿ ಎಂದು. ಪಟಾಕಿ ಊರಿನವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಇದ್ದಿಲು, ಗಂಧಕ, ಪೆಟ್ಲುಪ್ಪು ಅರೆಯುತ್ತಿದ್ದ ಊರು. ಡೇನಿಷ್ ಭಾಷೆಯಲ್ಲಿ ಆ ಕಥೆಯ ಹೆಸರು ಬೆಂಕಿಕಡ್ಡಿಯ ಹುಡುಗಿ ಎಂದಲ್ಲ, 'ಗಂಧಕದ ಕಡ್ಡಿಯ ಪುಟ್ಟ ಹುಡುಗಿ' ಎಂದು. ಅಕಾಡೆಮಿಯ ರಜೆಗೆ ಇಲ್ಲಿಗೆ ಬರುತ್ತಿದ್ದ ಹುಡುಗನ ಮೂಗಿಗೆ ಆ ವಾಸನೆ ಹೊಸದಾಗಿರಲಿಕ್ಕಿಲ್ಲ. ಆದರೂ ಅವನು ಬರೆದದ್ದು ಕಾರ್ಖಾನೆಯನ್ನಲ್ಲ, ಫಿರಂಗಿಯನ್ನಲ್ಲ, ಅಪ್ಪನ ರಾಕೆಟ್ಟುಗಳನ್ನಲ್ಲ. ಕಾಲುವೆಯನ್ನು ಹಿಡಿದು ಊರ ಬೆನ್ನಿನ ಕಡೆ ನಡೆದುಬಿಡುತ್ತಿದ್ದ. ನಾವೂ ಹಾಗೇ ನಡೆದೆವು.

ದಾರಿ ಮುಗಿಯುವುದು ಕೆರೆಯಲ್ಲಿ. 'ಸೋ' ಎಂದರೆ ಕೆರೆ, ಆರೆಸೋ ಡೆನ್ಮಾರ್ಕಿನ ಅತಿ ದೊಡ್ಡ ಕೆರೆ, ಸುಮಾರು 40 ಚದರ ಕಿಲೋಮೀಟರ್. ಹಿಂದೆ ಇದೂ ಫ್ಯೋರ್ಡೇ ಆಗಿತ್ತು. ಆಚೆಯ ಸಮುದ್ರದಿಂದ ಕಡಿದುಕೊಂಡು ಸಿಹಿನೀರಾಯಿತು. ಆಪಿನ ಪೊದೆ, ನಡುವೆ ತೆರವು, ತೆರವಿನಲ್ಲಿ ಬೂದುಬಣ್ಣದ ನೀರು. ಆಚೆ ದಡ ಒಂದು ಪೆನ್ಸಿಲ್ ಗೆರೆಯಷ್ಟು. ನಿಜ ಹೇಳಬೇಕೆಂದರೆ ಮೊದಲ ಹತ್ತು ನಿಮಿಷ ನನಗೆ ನಿರಾಸೆಯಾಯಿತು. ಫೋಟೋ ತೆಗೆಯಲು ಏನೂ ಇಲ್ಲ. ಲುಂಡ್‌ಬ್ಯು 1838ರಲ್ಲಿ ಬರೆದ ಆರೆಸೋ ಕೂಡ ತೋರ್ವಾಲ್ಡ್‌ಸನ್ ಮ್ಯೂಸಿಯಮ್ಮಿನಲ್ಲೇ ಇದೆ, ಮರಳ ದಿಬ್ಬಗಳನ್ನು ದೂರದಲ್ಲಿಟ್ಟು ಬರೆದದ್ದು. ಆ ಮರಳೇ ಸುತ್ತಲಿನ ಹೊಲಗಳನ್ನು ನುಂಗಿದ್ದು, ಕೆರೆಯ ಬಾಯಿ ಮುಚ್ಚಿಸಿದ್ದು. ಗೊತ್ತಿಲ್ಲದವರಿಗೆ ಅದೊಂದು ಬೆಳ್ಳನೆಯ ಪಟ್ಟಿ. ಗೊತ್ತಿದ್ದವರಿಗೆ ಊರಿನ ಭಯ.

ಮೋಡ ಸರಿಯಿತು. ನೀರಿನ ಮೇಲೆ ಒಂದು ಕಡೆ ಮಾತ್ರ ಬಿಸಿಲು ಬಿದ್ದು, ಅದು ಮೆಲ್ಲಗೆ ನಮ್ಮ ಕಡೆ ಬರತೊಡಗಿತು. ಹುಲ್ಲಿನ ಬಣ್ಣ ಮೂರು ಸಲ ಬದಲಾಯಿತು. ಬೆಟ್ಟ ಇಲ್ಲದ ನಾಡಿನಲ್ಲಿ ಮೇಲೆ ನಡೆಯುವುದೇ ನೋಟ. ಆಮೇಲೆ ಫೋಟೋ ವಿಷಯ ಮರೆತೇಹೋಯಿತು.

ದಂಡೆಯ ಹುಲ್ಲುಗಾವಲಿನಲ್ಲಿ ದನಗಳಿದ್ದವು. ಲುಂಡ್‌ಬ್ಯುನ ಇನ್ನೊಂದು ಲೋಕ ಇದು. ಹೋಲ್ಬೆಕ್ ಕಡೆಯ ವೊಗ್ನ್‌ಸೆರುಪ್ ಎಂಬ ಜಮೀನ್ದಾರಿ ಮನೆಯ ಕೊಟ್ಟಿಗೆಯಲ್ಲಿ ಕೂತು ಅವನು ಹಸುಗಳನ್ನು ಬರೆಯುತ್ತಿದ್ದ. ಅಕಾಡೆಮಿಯಲ್ಲಿ ಕಲಿಯುವಾಗಲೇ ಪ್ರಾಣಿಚಿತ್ರಕಾರನೊಬ್ಬನ ಕೈಕೆಳಗೆ ಪಳಗಿದ ಕೈ. ಕವಿ ಕೋಲುಂಡ್‌ನ 'ಮಕ್ಕಳಿಗಾಗಿ ನೀತಿಕಥೆಗಳು' ಪುಸ್ತಕಕ್ಕೆ ಚಿತ್ರ ಬರೆಯಲು ಕೂತಾಗ ಅವನು ಬೇರೆ ಪ್ರಾಣಿಗಳನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಕವಿಯೂ ಅದೇ 1818ರಲ್ಲಿ ಹುಟ್ಟಿದವನು, ಕವಿತೆಗೆ ಬರುವ ಮೊದಲು ಅಕಾಡೆಮಿಯ ಬಾಗಿಲು ಹಾದವನು. ಮಕ್ಕಳಿಗೆಂದು ಬರೆಯುವಾಗ ಹಸುವಿಗೆ ಟೋಪಿ ಹಾಕಿ ನರಿಗೆ ಕೋಟು ತೊಡಿಸುವವರು ಇದ್ದಾರೆ. ಅದೂ ಒಂದು ಕಲೆಯೇ. ಇವನದು ಆ ದಾರಿಯಲ್ಲ. ಕೊಟ್ಟಿಗೆಯಲ್ಲಿ ಕಂಡ ಪ್ರಾಣಿಯನ್ನೇ ಮಗುವಿನ ಮುಂದೆ ನಿಲ್ಲಿಸಿದ.

ಹಾಗೆಂದು ಅವನೇನು ನೆಮ್ಮದಿಯ ಮನುಷ್ಯನಲ್ಲ. ಪ್ರೀತಿ ಕೈಗೂಡಲಿಲ್ಲ, ಮನಸ್ಸು ಆಗಾಗ ಕುಸಿಯುತ್ತಿತ್ತು, ದಿನಚರಿ ತುಂಬ ತನ್ನನ್ನೇ ಜರಿದುಕೊಳ್ಳುವ ಮಾತು. 1845ರಲ್ಲಿ ಇಟಲಿಗೆ ಹೋದವನು ಅಲ್ಲಿ ಕೂತು ಊರನ್ನೇ ನೆನೆದ. ಮರಳಿ ಬಂದ ಮೇಲೆ ಒಂದು ವಿಚಿತ್ರ ಪುಸ್ತಕ ಮಾಡಿದ, 'ಮಾಟ ಮತ್ತು ಗುಹೆಯ ಯೋಚನೆಗಳು' ಎಂದು ಹೇಳಬಹುದಾದ ಹೆಸರು. ಅದರಲ್ಲಿ ತನ್ನನ್ನು ತಾನೇ ಟ್ರೋಲ್ ಆಗಿ ಬರೆದುಕೊಂಡಿದ್ದಾನೆ. ಈಗ ಟ್ರೋಲ್ ಎಂದರೆ ನಮ್ಮ ಹುಡುಗರಿಗೆ ಫೋನಿನಲ್ಲಿ ಕಾಲೆಳೆಯುವುದು. ಇದು ಆ ದೇಶದ ಹಳೆಯ ಗುಮ್ಮ, ದಿಬ್ಬದ ಹೊಟ್ಟೆಯೊಳಗೆ ವಾಸ, ಮನುಷ್ಯರ ಸಹವಾಸ ಆಗದು. ಮ್ಯೂಸಿಯಮ್ಮಿನ ಕಲ್ಲುಗೋರಿಯನ್ನು ನೆನೆದುಕೊಂಡರೆ ಅದು ಯಾರ ಮನೆ ಎಂಬ ಪುಟ್ಟಿಯ ಪ್ರಶ್ನೆಗೆ ಇದೇ ಉತ್ತರ ಇರಬಹುದು. ಮಗುವಿಗೆ ಹಾಗೇ ಹೇಳಿದೆ. ಬಹಳ ಖುಷಿಯಾಯಿತು.

ಉಳಿದದ್ದನ್ನು ಹೇಳಲಿಲ್ಲ. 1848ರ ವಸಂತದಲ್ಲಿ ಶ್ಲೇಸ್‌ವಿಗ್ ಯುದ್ಧ ಹತ್ತಿಕೊಂಡಿತು. ಸೈನಿಕರ ಮನೆಯಲ್ಲಿ ಹುಟ್ಟಿಯೂ ಹಸು, ಕಲ್ಲು, ಮೋಡಗಳ ಹಿಂದೆ ಹೋದವನು ಈಗ ತಾನೇ ಹೋಗಿ ಸ್ವಯಂಸೇವಕನಾಗಿ ಹೆಸರು ಕೊಟ್ಟ. ಏಪ್ರಿಲ್ 26ರಂದು ಬೆಸ್ಟೆಡ್ ಎಂಬ ಹಳ್ಳಿಯಲ್ಲಿ ಪಡೆ ತಂಗಿತ್ತು. ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದ ಬಂದೂಕುಗಳು ಉರುಳಿದವು. ಒಂದು ಹಾರಿತು. ಶತ್ರುವಿನ ಮುಖ ಇನ್ನೂ ಕಂಡಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ. ಅದು ಆಕಸ್ಮಿಕವೋ, ಅವನೇ ಬಯಸಿದ್ದೋ ಎಂದು ಡೇನರು ಇವತ್ತಿಗೂ ವಾದ ಮಾಡುತ್ತಾರೆ. ದಿನಚರಿ ಓದಿದವರಿಗೆ ಅನುಮಾನ ಬರುವುದು ಸಹಜ. ಉರುಳಿದ ಬಂದೂಕಿಗೆ ದಿನಚರಿ ಗೊತ್ತಿರುವುದಿಲ್ಲ ಎಂದು ನಾನು ಅಂದುಕೊಂಡೆ. ಅವನ ಕಲ್ಲುಗುಡ್ಡೆಯನ್ನು ನೇತುಹಾಕಿದ ಮ್ಯೂಸಿಯಂ ಬಾಗಿಲು ತೆರೆದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ.

ಪುಟ್ಟಿ ಅಷ್ಟರಲ್ಲಿ ಬೇಲಿಯ ಹತ್ತಿರ ಹೋಗಿ ಕೂತಿತ್ತು. ಮಡಿಲಲ್ಲಿ ಶಾಲೆಯ ಚಿತ್ರದ ಪುಸ್ತಕ, ಬಾಯಲ್ಲಿ ಪೆನ್ಸಿಲ್ಲಿನ ಹಿಂಬದಿ. ಕೆಂಪು ಹಸುವೊಂದು ತಂತಿಯ ಆಚೆ ನಿಂತು ಅವಳನ್ನೇ ನೋಡುತ್ತಿತ್ತು. ಒದ್ದೆ ಮೂಗಿನ ಮೇಲೆ ಎರಡು ನೊಣ, ಕಿವಿಯಲ್ಲಿ ಹಳದಿ ಪ್ಲಾಸ್ಟಿಕ್ ನಂಬರು, ದವಡೆ ಒಂದೇ ಕಡೆ ತಿರುಗುತ್ತಿತ್ತು. ಒಂದು ಕಿವಿ ಮುಂದಕ್ಕೆ, ಒಂದು ಹಿಂದಕ್ಕೆ.

"ಅಮ್ಮಾ, ಇದು ನಿಲ್ತಾನೇ ಇಲ್ಲ" ಎಂದು ಕೂಗಿತು.

"ನಿಂತೇ ಇದೆಯಲ್ಲೇ."

"ಕಿವಿ ನಿಲ್ತಿಲ್ಲ."

ಹತ್ತಿರ ಹೋಗಿ ನೋಡಿದೆ. ಹಸು ಇನ್ನೂ ಬಂದಿರಲಿಲ್ಲ. ಹಾಳೆಯ ಮೇಲೆ ಐದು ಕಿವಿಗಳಿದ್ದವು, ಐದೂ ಬೇರೆ ಬೇರೆ ಕಡೆ ತಿರುಗಿದವು. ಹಿಂದಿರುಗುವ ರೈಲಿಗೆ ಇಪ್ಪತ್ತು ನಿಮಿಷ ಎಂದು ಅವಳಮ್ಮ ಗಡಿಯಾರ ತೋರಿಸಿದಳು. ಪುಟ್ಟಿ ತಲೆ ಎತ್ತದೆ ಆರನೆಯದಕ್ಕೆ ಕೈ ಹಾಕಿತ್ತು.